ಮಾತಾಡುವ ಭರಣಿ

ನಾಸಿಕದಲ್ಲಿ ನಮ್ಮ ಎದುರು ಮನೆಯ ಅಕ್ಕ ಬೀದರ್ ಕಡೆಯವರು. ಬೀಟ್ರೂಟ್, ಸಾಸಿವೆ ಪುಡಿ, ಉಪ್ಪುನೀರು ತುಂಬಿದ ಭರಣಿಗಳನ್ನು ಬಾಲ್ಕನಿಯ ಬಿಸಿಲಲ್ಲಿಟ್ಟು ಹುಳಿಬರಿಸಿ, ಕಾಂಜಿ ಎಂಬ ಪಾನೀಯ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಗುಳುಗುಳು ಎನ್ನುವ ಭರಣಿಗೆ ಕಿವಿ ಹಚ್ಚಿ, “ಮಾತಾಡ್ಲಾಕತ್ತದ ನೋಡ್ರಿ” ಎನ್ನುವರು.

ನನಗೆ ಮಾತ್ರ ಅನುಮಾನ. ಆ ಕೆಂಪು, ಆ ನೊರೆ, ಆ ಹುಳಿ ವಾಸನೆ! ಮೊದಲೇ ಪಕ್ಕದ ನಿಫಾಡಿನ ದ್ರಾಕ್ಷಿ ವೈನಾಗುವ ಸೀಮೆಯಿದು. ಕೊರಳಲ್ಲಿ ಲಿಂಗವಿರುವ ನಮ್ಮತ್ತೆಯಂತೂ, “ಸೆರೆನೇ ಇರ್ಬೇಕವಾ, ಮುಟ್ಟಬ್ಯಾಡ” ಎಂದುಬಿಟ್ಟರು.

ಒಮ್ಮೆ ಅಕ್ಕ ಒಂದು ಬಾಟಲಿ ಕೊಟ್ಟು, “ಹೊಟ್ಟಿಗಿ ಚಲೋರಿ. ದಿನಾ ಮುಚ್ಚಳ ಸಡಿಲ ಮಾಡ್ರಿ” ಎಂದರು. ನಾನು ಬಿಗಿಯಾಗಿ ಮುಚ್ಚಿ, ಅತ್ತೆಗೆ ಕಾಣದಂತೆ ಡಬ್ಬಿಗಳ ಹಿಂದೆ ಅಡಗಿಸಿದೆ. ಅಕ್ಕ ಕೇಳಿದಾಗಲೆಲ್ಲ, “ಕುಡೀಲಾಕತ್ತೀವ್ರಿ, ಭೇಷ್ ಆಗ್ಯದ” ಎಂದೆ. ಅವರು ನನ್ನ ಮುಖವನ್ನೇ ದಿಟ್ಟಿಸುವರು.

ಐದನೆಯ ದಿನ ಮುಚ್ಚಳ ಢಂ ಎಂದು ಹಾರಿತು. ಸದ್ದಿಗೆ ಓಡಿಬಂದ ಅಕ್ಕ ಗೋಡೆಯ ತುಂಬ ಇಳಿಯುತ್ತಿದ್ದ ಕೆಂಪನ್ನು ನೋಡಿದರು.

“ಮಾತಾಡಗೊಡ್ಲಿಲ್ಲ ನೀವು. ಅದಕ್ಕ ಒದರ್ಯದ,” ಎಂದು ಒರೆಸಲು ಬಟ್ಟೆ ಕೇಳಿದರು.

ನಾಚಿಕೆಯಿಂದ ಗೋಡೆಗೆ ಬೆರಳೊತ್ತಿ ನೆಕ್ಕಿದೆ. ಸಾಸಿವೆಯ ಘಾಟು ಮೂಗಿಗೇರಿ ಕಣ್ಣಲ್ಲಿ ನೀರು ಬಂತು.

“ಭೇಷ್ ಆಗ್ಯದ್ರಿ, ಅಕ್ಕಾರ” ಎಂದೆ.

ಅವತ್ತು ಹೇಳಿದ್ದು ನಿಜ. ಅಕ್ಕ ನಂಬಲಿಲ್ಲ.