ಹೊಗೆ ಕರಗುವವರೆಗೂ ನಿಲ್ಲುವ ಯಮನೂರಮ್ಮ

ಬೆಳಗಿನ ಐದೂವರೆ. ಮಸ್ಕಿಯಿಂದ ಸಿಂಧನೂರಿಗೆ ಬರುವ ರಸ್ತೆ ಉಪಕಾಲುವೆಯ ಸೇತುವೆಯ ಆಚೆ ಕಾಣುವುದೇ ಇಲ್ಲ. ನಿನ್ನೆ ಸಂಜೆ ಗದ್ದೆಗಳಲ್ಲಿ ಭತ್ತದ ಕೂಳೆಗೆ ಹಚ್ಚಿದ ಬೆಂಕಿ ಆರಿದೆ, ಹೊಗೆ ಹೋಗಿಲ್ಲ. ಪುಷ್ಯದ ಚಳಿಗೆ ಮೇಲೇಳಲಾರದೆ ಇಬ್ಬನಿಯ ಜೊತೆ ಸೇರಿ ರಸ್ತೆಯ ಮೇಲೆಯೇ ಕವಿದು ಕೂತಿದೆ. ಸೇತುವೆಯ ಈಚೆ ಹೆಂಗಸೊಬ್ಬರು ತಲೆಗೆ ಸಿಂಬಿ ಇಟ್ಟು, ಆಳೆತ್ತರದ ಹಲಗೆಯೊಂದನ್ನು ಹೊತ್ತು ತರುತ್ತಾರೆ. ರಸ್ತೆಯ ಅಂಚಿಗೆ ನಿಲ್ಲಿಸಿ, ಗಾಳಿಗೆ ಬೀಳದಂತೆ ಬುಡಕ್ಕೆ ಎರಡು ಕಲ್ಲು ಒತ್ತುತ್ತಾರೆ. ಬಿಳಿ ಬಣ್ಣದ ಮೇಲೆ ಕೆಂಪು ಅಕ್ಷರ: ‘ಮುಂದೆ ಹೊಗೆ ಇದೆ. ನಿಧಾನವಾಗಿ ಚಲಿಸಿ.’ ಆಮೇಲೆ ಸೊಂಟದಿಂದ ಒಂದು ಕೆಂಪು ಬಟ್ಟೆ ತೆಗೆದು ರಸ್ತೆಯ ನಡುವೆ ಹೋಗಿ ನಿಲ್ಲುತ್ತಾರೆ. ಹಲಗೆ ನಿಧಾನವಾಗಿ ಹೋಗಿ ಎನ್ನುತ್ತದೆ. ಈಕೆ ಯಾರನ್ನೂ ಹೋಗಲು ಬಿಡುವುದಿಲ್ಲ.

ಇವರು ಯಮನೂರಮ್ಮ, ರಸ್ತೆ ಗ್ಯಾಂಗಿನ ಕೂಲಿ. ನಲವತ್ತೈದರ ಆಸುಪಾಸು. ತುರ್ವಿಹಾಳದಲ್ಲಿ ಹುಟ್ಟಿ, ಕಾಲುವೆ ತೋಡುವಾಗ ಮಣ್ಣು ಹೊತ್ತು, ನೀರು ಬಂದ ಮೇಲೆ ಜಲ್ಲಿ ಹೊರಲು ಬಂದವರು. ಗಂಡ ತೀರಿಕೊಂಡು ಒಂಬತ್ತು ವರ್ಷ. ಸೇತುವೆಯ ಪಕ್ಕದ ಗುಡಿಸಲೇ ಮನೆ.

ಕಾಲುವೆಗೆ ಮುಂಚೆ ಈ ಸೀಮೆಯಲ್ಲಿ ಹೊಲಕ್ಕೆ ಬೆಂಕಿ ಇಡುವುದು ಯಾರಿಗೂ ಗೊತ್ತಿರಲಿಲ್ಲ. ಈಗ ವರ್ಷಕ್ಕೆ ಎರಡು ಬೆಳೆ. ಮೊದಲ ಭತ್ತ ಕೊಯ್ದು ಎರಡನೆಯದಕ್ಕೆ ನೆಲ ಹದ ಮಾಡಲು ಸಿಗುವುದು ಹದಿನೈದೇ ದಿನ. ಕೂಳೆ ಕಿತ್ತು ಕೂತರೆ ನೀರಿನ ಸರದಿ ತಪ್ಪುತ್ತದೆ. “ಬರಗಾಲದಾಗ ಒಂದು ಹೊರಿ ಮೇವಿಗೆ ಮಸ್ಕಿತನಕ ನಡದೀವ್ರೀ. ಈಗ ಕಣ್ಣೆದುರಿಗೇ ಮೇವು ಸುಡಾಕತ್ತಾರ,” ಎನ್ನುವ ಯಮನೂರಮ್ಮ, ಮರುಕ್ಷಣವೇ “ಅವರದೂ ತಪ್ಪಿಲ್ಲ ಬಿಡ್ರಿ” ಎಂದೂ ಸೇರಿಸುತ್ತಾರೆ.

ಸುಗ್ಗಿ ಮುಗಿದ ಮೇಲೆ ಸುಮಾರು ಇಪ್ಪತ್ತೈದು ಮುಂಜಾನೆ ಈ ಕೆಲಸ. ಹಲಗೆಗಳು ಎರಡು, ಹೊಗೆಯ ಆ ತುದಿಗೊಂದು ಈ ತುದಿಗೊಂದು. ನಡುವೆ ಮುಕ್ಕಾಲು ಮೈಲಿ. ಒಂದು ಬೆಳಗಿಗೆ ಮೂರು ಬಸ್ಸು, ಹತ್ತು ಹನ್ನೆರಡು ಲಾರಿ, ಎಣಿಸಲಾಗದಷ್ಟು ಎತ್ತಿನ ಗಾಡಿ ಅವರ ಕೆಂಪು ಬಟ್ಟೆಯ ಮುಂದೆ ನಿಲ್ಲುತ್ತವೆ. ಹೀಗೆ ನಿಲ್ಲಿಸು ಎಂದು ಅವರಿಗೆ ಯಾರೂ ಹೇಳಿಲ್ಲ.

ಮೂರು ವರ್ಷದ ಹಿಂದೆ, ಎಪ್ಪತ್ತೊಂದರ ಜನವರಿಯಲ್ಲಿ, ಹಲಗೆಗಳು ಹೊಸದಾಗಿ ಬಂದಿದ್ದವು. ನಿಲ್ಲಿಸಿ ಬಂದು ಜಲ್ಲಿ ಕೆಲಸಕ್ಕೆ ತೊಡಗು ಎಂಬುದಷ್ಟೇ ಮೇಸ್ತ್ರಿ ರಹಮಾನಸಾಬರ ಮಾತು. ಒಂದು ಬೆಳಿಗ್ಗೆ ಯಮನೂರಮ್ಮ ಇದೇ ಜಾಗದಲ್ಲಿ ಹಲಗೆ ನಿಲ್ಲಿಸುವಾಗ ಪಾಮನಕಲ್ಲೂರಿನ ಮಾನಪ್ಪ ತೊಗರಿ ಗಾಡಿ ಹೊಡೆದುಕೊಂಡು ಬಂದರು. ಎತ್ತು ನಿಲ್ಲಿಸಿ ಕೇಳಿದರು:

“ಏನ್ ಬರದಾರ ಯಕ್ಕಾ ಇದರಾಗ?”

ಯಮನೂರಮ್ಮನಿಗೂ ಓದು ಬಾರದು. ಮೇಸ್ತ್ರಿ ಬಾಯಲ್ಲಿ ಕೇಳಿದ್ದನ್ನೇ ಹೇಳಿದರು: “ಮುಂದ ಹೊಗಿ ಐತಂತಪ್ಪ. ನಿಧಾನ ಹೋಗಬೇಕಂತ.”

ಮಾನಪ್ಪ ಗಾಡಿಯಿಂದ ಇಳಿದರು. ಎತ್ತಿನ ಮೂಗುದಾರ ಹಿಡಿದು, ಮುಂದೆ ತಾವೇ ನಡೆಯುತ್ತಾ ಹೊಗೆಯೊಳಗೆ ಹೋದರು. ಎರಡು ನಿಮಿಷ ಕಳೆದಿರಬೇಕು, ಹಿಂದಿನಿಂದ ಕಲ್ಲು ತುಂಬಿದ ಲಾರಿ ಬಂದಿತು.

“ನನ್ನ ಮುಂದ ಹೋತ್ರೀ ಅದು. ಓದಿದವ ಇರತಾನ, ಹಲಗಿ ನೋಡಿರತಾನ ಅಂದ್ಕೊಂಡೆ. ಕೈ ಎತ್ತಲಿಲ್ಲ,” ಎನ್ನುತ್ತಾರೆ ಯಮನೂರಮ್ಮ.

ಸದ್ದು ಕೇಳಿ ಓಡಿದಾಗ ರಸ್ತೆ ತುಂಬ ತೊಗರಿ. ಒಂದು ಎತ್ತು ಮಾತ್ರ ನಿಂತಿತ್ತು. ಮಾನಪ್ಪನ ಉಸಿರು ಹೋಗಿತ್ತು. ವಿಚಾರಣೆಗೆ ಬಂದವರು ಹಲಗೆ ಇತ್ತೇ ಎಂದು ಕೇಳಿದರು, ಇತ್ತು ಎಂದು ಬರೆದುಕೊಂಡು ಹೋದರು.

“ನಿಧಾನ ಹೋಗು ಅಂದೆ, ನಿಧಾನ ಹೋದ. ನಾ ಹೇಳಿದಂಗ ಹೋದ್ನಲ್ರೀ. ಜೋರು ಹೊಡಕೊಂಡು ಹೋಗಿದ್ರ ದಾಟತಿದ್ದನೋ ಏನೋ.”

ದಿನಕರ್ಮ ಮುಗಿದ ಮೇಲೆ ಯಮನೂರಮ್ಮ ಪಾಮನಕಲ್ಲೂರಿಗೆ ಹೋದರು. ಮಾನಪ್ಪನ ಹೆಂಡತಿ ಗದ್ದೆಮ್ಮ ಬೈಯಲಿಲ್ಲ, ಅಳಲೂ ಇಲ್ಲ. “ಎಲ್ಲಾರೂ ಹಲಗಿ ಇತ್ತು, ಹಲಗಿ ಇತ್ತು ಅಂತಾರ. ನೀನೂ ಅಲ್ಲೇ ಇದ್ದೆಲ್ಲ ಬೇ. ನಿಂದ್ರು ಅನ್ನಾಕ ಆಗಲಿಲ್ಲೇನು?” ಎಂದು ಕೇಳಿದರು. ಆ ಮನೆಯಲ್ಲಿ ಕೊಟ್ಟ ನೀರನ್ನೂ ಕುಡಿಯದೆ ಯಮನೂರಮ್ಮ ಎದ್ದು ಬಂದರು.

ಮಾರನೇ ಬೆಳಿಗ್ಗೆಯಿಂದ ಹಲಗೆ ಬಿಟ್ಟು ಕದಲಲಿಲ್ಲ. ಹಳೆಯ ಕೆಂಪು ಸೀರೆಯ ಸೆರಗು ಹರಿದು ಕೈಯಲ್ಲಿ ಹಿಡಿದರು. “ಗಾಡಿ ನಿಲ್ಲಿಸೋ ಹುಕುಂ ನಮಗಿಲ್ಲವ್ವಾ,” ಎಂದು ರಹಮಾನಸಾಬ ಗದರಿದರು. “ಹೊಗಿಗೆ ಯಾರು ಹುಕುಂ ಕೊಟ್ಟಾರ್ರೀ?” ಎಂದರು ಯಮನೂರಮ್ಮ. ಜಲ್ಲಿ ಕೆಲಸಕ್ಕೆ ತಡವಾದ ಹೊತ್ತನ್ನು ಸಂಜೆ ದುಡಿದು ತೀರಿಸಿದರು. ಒಂದು ವಾರ ನೋಡಿದ ಮೇಸ್ತ್ರಿ, ಎಂಟನೇ ದಿನ ತಾವೇ ಒಂದು ಬಟ್ಟೆ ಹಿಡಿದು ಆ ತುದಿಗೆ ಹೋಗಿ ನಿಂತರು. ಈಗಲೂ ನಿಲ್ಲುತ್ತಾರೆ.

ಅಂದಿನಿಂದ ಈ ಹೊಗೆಯಲ್ಲಿ ಒಂದು ಜೀವವೂ ಹೋಗಿಲ್ಲವಲ್ಲ ಎಂದರೆ ಯಮನೂರಮ್ಮ ಮುಖ ತಿರುಗಿಸುತ್ತಾರೆ. “ಒಂದು ಹೋಗೈತಲ್ರೀ.”

ಹೋದ ವರ್ಷ ತಡೆದ ಬಸ್ಸೊಂದರಲ್ಲಿ ಗದ್ದೆಮ್ಮ ಇದ್ದರು. ಕಿಟಕಿಯಿಂದ ನೋಡಿದರು, ಮಾತಾಡಲಿಲ್ಲ. “ಬೈದಿದ್ರೂ ಚಲೋ ಇತ್ತು,” ಎನ್ನುತ್ತಾರೆ ಯಮನೂರಮ್ಮ. ಹಲಗೆಯ ಮೇಲಿನ ‘ನಿಧಾನ’ ಅಳಿಸಿ ‘ನಿಲ್ಲಿ’ ಎಂದು ಬರೆಸಿರೆಂದು ಅವರು ಎರಡು ಬಾರಿ ಮೇಲಿನವರಿಗೆ ಹೇಳಿಸಿದ್ದಾರೆ. ನೋಡೋಣ ಎಂಬ ಉತ್ತರ ಬಂದಿದೆ.

ಏಳೂವರೆಗೆ ಬಿಸಿಲು ಚುರುಕಾಗಿ, ಹೊಗೆ ತೆಳುವಾಗಿ, ಸೇತುವೆಯ ಆಚೆಯ ಜಾಲಿ ಮರಗಳು ಒಂದೊಂದಾಗಿ ಕಾಣುತ್ತವೆ. ಯಮನೂರಮ್ಮ ಬದಿಗೆ ಸರಿದು ಕೈ ಬೀಸುತ್ತಾರೆ. ಮೊದಲ ಬಸ್ಸಿನ ಡ್ರೈವರ್, ಮುಕ್ಕಾಲು ತಾಸು ಹಾಳಾಯಿತೆಂದು ಕೂಗಾಡುತ್ತಲೇ ಮುಂದೆ ಸಾಗುತ್ತಾನೆ. ಬೇಸರವಾಗುವುದಿಲ್ಲವೇ ಎಂದರೆ ಯಮನೂರಮ್ಮ ಬಸ್ಸು ಸೇತುವೆ ದಾಟುವವರೆಗೆ ನೋಡುತ್ತಾ ನಿಲ್ಲುತ್ತಾರೆ.

“ಬೈಕೊಂತನ ಮನಿ ಮುಟ್ಟಲಿ ಬಿಡ್ರಿ.”