ತುಳಸಿಗಿಡದ ಬಾಣಂತಿ

ಅವ್ವ ಹೋಗಿ ಎರಡು ವರ್ಷವಾಯಿತು. ಕಲಬುರ್ಗಿಯಲ್ಲಿ ಹುಟ್ಟಿದವಳು, ಅಪ್ಪನ ಸರ್ಕಾರಿ ನೌಕರಿಯ ಬೆನ್ನಿಗೆ ಹೈದರಾಬಾದಿಗೆ ಬಂದು ಇಲ್ಲಿಯವಳೇ ಆದಳು. ದಿಲ್‌ಸುಖ್‌ನಗರದ ನಮ್ಮ ಮೂರನೇ ಮಹಡಿಯ ಮನೆಗೆ ಅಂಗಳವಿರಲಿಲ್ಲ. ಬಾಲ್ಕನಿಯನ್ನೇ ಅಂಗಳ ಮಾಡಿಕೊಂಡಿದ್ದಳು. ದಾಸವಾಳ, ದುಂಡುಮಲ್ಲಿಗೆ, ಕರಿಬೇವು, ನಡುವೆ ದೊಡ್ಡ ಕುಂಡದಲ್ಲಿ ಎದೆಮಟ್ಟ ಬೆಳೆದ ತುಳಸಿ. ಹೂ ಮಾರುವವಳ ಜೊತೆ ತೆಲುಗು, ಆಟೋದವರ ಜೊತೆ ಹಿಂದಿ ಆಡುತ್ತಿದ್ದ ಅವ್ವ ದೇವರ ಜೊತೆಗೂ ಗಿಡಗಳ ಜೊತೆಗೂ ಕನ್ನಡವನ್ನೇ ಆಡುತ್ತಿದ್ದಳು. ಪೂಜೆಗೆ ಹೂ ಕೊಯ್ಯುವಾಗ ಗಿಡವನ್ನು ಬೋಳು ಮಾಡುತ್ತಿರಲಿಲ್ಲ. ದುಂಬಿಗೂ ಒಂದಿಷ್ಟು ಇರಲಿ ಎನ್ನುತ್ತಿದ್ದಳು.

ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದ ಬೇಸಿಗೆಯಲ್ಲಿ ಆ ತುಳಸಿಯೊಳಗೆ ಬುಲ್‌ಬುಲ್ ಹಕ್ಕಿ ಗೂಡು ಕಟ್ಟಿತು. ಸ್ನಾನ ಮುಗಿಸಿ ನೀರೆರೆಯಲು ಹೋದ ಅವ್ವ ತಂಬಿಗೆ ಹಿಡಿದುಕೊಂಡೇ ಹಿಂದೆ ಸರಿದು, ನನ್ನನ್ನು ಕೈಸನ್ನೆಯಲ್ಲಿ ಕರೆದಳು. ಎಲೆಗಳ ನಡುವೆ ಕಪ್ಪು ಜುಟ್ಟಿನ ತಲೆ, ನಮ್ಮನ್ನೇ ನೋಡುವ ಒಂದು ಕಣ್ಣು.

ಅಂದಿನಿಂದ ಪೂಜೆಯ ಕ್ರಮವೇ ಬದಲಾಯಿತು. ಪ್ರದಕ್ಷಿಣೆಯಿಲ್ಲ, ಗಂಟೆಯಿಲ್ಲ, ಊದಿನಕಡ್ಡಿಯ ಹೊಗೆಯೂ ಇಲ್ಲ. ಬಾಗಿಲ ಒಳಗೇ ದೀಪ ಹಚ್ಚಿಟ್ಟು ಅಲ್ಲಿಂದಲೇ ಕೈಮುಗಿಯುತ್ತಿದ್ದಳು. ಹಕ್ಕಿ ಮೇವಿಗೆ ಹೋದ ಹೊತ್ತು ನೋಡಿ, ಪೂಜೆಯ ಪುಟ್ಟ ಚಮಚದಿಂದ ಕುಂಡದ ಅಂಚಿಗೆ ನೀರು ಬಿಟ್ಟು ಬರುತ್ತಿದ್ದಳು. ಅಪ್ಪ ಪೇಪರ್ ಓದುವ ಕುರ್ಚಿ ಒಳಗೆ ಬಂತು. ಅಪ್ಪ ಗೊಣಗಿದರೂ ಅದು ಮತ್ತೆ ಹೊರಗೆ ಹೋಗಲಿಲ್ಲ.

ನನ್ನ ಬಾಣಂತನಕ್ಕೆ ನೆರವಾಗಲು ಊರಿಂದ ಬಂದ ಅತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಇದು ಸರಿಬರಲಿಲ್ಲ. ಮಡಿ-ಮೈಲಿಗೆಯಲ್ಲಿ ಅವರು ಬಲು ಕಟ್ಟುನಿಟ್ಟು. ದಿನ ತುಂಬಿದ ಹುಡುಗಿ ಮನೆಯಲ್ಲಿರುವಾಗ ತುಳಸಿಪೂಜೆ ಬಿಡಬಾರದು, ಗೂಡನ್ನು ಬೇರೆ ಕುಂಡಕ್ಕೆ ಎತ್ತಿಡು ಎಂದರು. ಅವರ ಮಾತಿಗೆ ಅವ್ವ ಎಂದೂ ಎದುರಾಡಿದವಳಲ್ಲ. ಅವತ್ತು ಮಾತ್ರ ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ ಹೇಳಿದಳು:

"ಅಕ್ಕಾ, ಅಕಿನೂ ಬಾಣಂತನಕ್ಕ ಬಂದಾಳ್ರಿ. ಬಂದಾಕಿನ್ನ ಹೆಂಗ ಎಬ್ಬಸ್ಲಿ? ದೇವ್ರು ನಾಕು ದಿನ ತಡಕೋತಾನ. ಅಕಿಗಿ ತಡಕೊಳ್ಳಾಕ ಆಗೂದಿಲ್ಲ."

ಅತ್ತೆ ಮುಖ ತಿರುಗಿಸಿ ಜಪಕ್ಕೆ ಕೂತರು. ಆದರೆ ಮೊಟ್ಟೆಯೊಡೆದು ಮರಿಗಳು ಬಾಯಿ ತೆರೆದು ಕೂಗಲು ಶುರುಮಾಡಿದ ಮೇಲೆ ಒಂದು ಮಧ್ಯಾಹ್ನ ಕಾಗೆ ಬಂದು ಕಂಬಿಯ ಮೇಲೆ ಕೂತಿತು. ನಾವು ಏಳುವುದರೊಳಗೆ ಅತ್ತೆ, ಬಟ್ಟೆ ಒಣಹಾಕುವ ಕೋಲು ಹಿಡಿದು ಬಾಲ್ಕನಿ ಬಾಗಿಲಲ್ಲಿದ್ದರು. ಮರುದಿನದಿಂದ ಅವರ ಜಪದ ಮಣೆ ಆ ಬಾಗಿಲ ಬಳಿಯೇ ಬಿತ್ತು. ಅವ್ವ ಅವರಿಗೆ ಅಲ್ಲಿಗೇ ಚಹಾ ತಂದುಕೊಟ್ಟಳು.

ನನಗೆ ನಸುಕಿನಲ್ಲಿ ನೋವು ಶುರುವಾಯಿತು. ಅವ್ವ ನನ್ನ ಜೊತೆ ಆಸ್ಪತ್ರೆಗೆ ಬಂದಳು. ಸಂಜೆಗೆ ಮಗಳು ಹುಟ್ಟಿದಳು. ಮರುದಿನ ಅವ್ವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಅತ್ತೆಯ ಫೋನ್ ಬಂತು. ಮರಿಗಳು ಹಾರಿಹೋದವಂತೆ. ಯಾವುದು ಮೊದಲು ಹಾರಿತು, ಎಲ್ಲಿ ಹೋಗಿ ಕೂತಿತು, ತಾಯಿ ಹತ್ತಿರದಲ್ಲೇ ಇತ್ತೇ ಎಂದು ಅವ್ವ ಒಂದೊಂದಾಗಿ ಕೇಳಿದಳು. ಫೋನಿಟ್ಟು ನನ್ನ ಕಡೆ ತಿರುಗಿದಳು.

"ಇಷ್ಟು ದಿನಾ ಕಾದು, ಹಾರೂದು ನಾ ನೋಡ್ಲೇ ಇಲ್ಲ ನೋಡು," ಎಂದಳು. ಆಮೇಲೆ ಕೂಸಿನ ಮುಖ ನೋಡಿ ನಕ್ಕಳು. "ಇರ್ಲಿ. ಅಕಿ ಕಡೆ ಅಕ್ಕಾರ ಇದ್ರು, ನಿನ್ನ ಕಡೆ ನಾ ಇದ್ದೆ."

ಆಗ ನರ್ಸ್ ಒಳಗೆ ಬಂದಳು. ಅವ್ವ ಅವಳಿಗೂ ತೆಲುಗಿನಲ್ಲಿ ಹೇಳಿದಳು, ನಮ್ಮ ಮನೆಯಲ್ಲಿ ಇನ್ನೊಂದು ಬಾಣಂತನ ಸುಸೂತ್ರವಾಗಿ ಮುಗಿಯಿತು ಎಂದು. ಯಾರದು, ಸೊಸೆಯದೇ ಎಂದು ನರ್ಸ್ ಕೇಳಿದಳು. ಹೌದು, ಹಾಗೇ ತಿಳಿದುಕೋ ಎಂದು ಅವ್ವ ಕೂಸಿನ ಕುಲಾವಿ ಸರಿಮಾಡಿದಳು.