ರಸ್ತೆಗೆ ಬೆನ್ನು ಹಾಕಿದ ಟಾಕೀಸ್

ಒಂದು ಕಡೆ ಕೂತು ನನಗೆ ಅಭ್ಯಾಸವಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ಬ್ಯಾಡಗಿಯ ನನ್ನ ತವರಿನವರು ಈಗಲೂ ಆಡಿಕೊಳ್ಳುತ್ತಾರೆ. ಆದರೆ ರಸ್ತೆ ಅಗಲ ಮಾಡುವವರು ಬಂದು ರಾಣೆಬೆನ್ನೂರಿನ ನಮ್ಮ ಟಾಕೀಸಿನ ಹಿಂದಿನ ಗೋಡೆಗೆ ಕೆಂಪು ಗೆರೆ ಎಳೆದು ಹೋದ ಮೇಲೆ ನಾನು ಪಟ್ಟ ಚಡಪಡಿಕೆಯೇ ಬೇರೆ. ಗೋಡೆ ಹೋದರೆ ಹೋಗಲಿ, ಅಲ್ಲಿ ಸಿನಿಮಾ ನಿಂತೇ ಎಷ್ಟೋ ವರ್ಷಗಳಾಗಿವೆ. ನನ್ನ ಹೆದರಿಕೆ ಒಂದೇ ಆಗಿತ್ತು. ಎಂಬತ್ತು ದಾಟಿದ ಮಾವನವರು ಅದನ್ನು ನೋಡಿ ತಡೆದುಕೊಂಡಾರೆಯೇ?

ಟಾಕೀಸ್ ಕಟ್ಟಿಸಿದವರು ಅವರೇ. ಆಗಿನ್ನೂ ಮೀಸೆ ಚಿಗುರಿದ ವಯಸ್ಸು, ಹತ್ತಿ ವ್ಯಾಪಾರ ಕೈಹಿಡಿದಿತ್ತು. ಜಾಗದ ಸುತ್ತ ಬರೀ ಹೊಲ. ಮುಖ ಯಾವ ಕಡೆ ಇಡುವುದು ಎಂಬ ಮಾತು ಬಂದಾಗ, ಅಳತೆ ಮಾಡಲು ಬಂದಿದ್ದ ಒಬ್ಬಾತ ಚಹಾ ಕುಡಿಯುತ್ತ, ಹೊಸ ರಸ್ತೆ ಪೂರ್ವಕ್ಕೆ ಬರುತ್ತದೆ ಎಂದನಂತೆ. ಪೂರ್ವ ದಿಕ್ಕು ವಾಸ್ತುವಿಗೂ ಸರಿ. ಮಾವನವರು ಹಿಂದೆ ಮುಂದೆ ನೋಡಲಿಲ್ಲ, ಟಾಕೀಸನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿಬಿಟ್ಟರು. ರಸ್ತೆ ಬಂದದ್ದು ಪಶ್ಚಿಮಕ್ಕೆ.

ಹಾಗಾಗಿ ಚೆಂದವೆಲ್ಲ ಗಟಾರದ ಓಣಿಯ ಪಾಲಾಯಿತು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಮುಂಗೋಡೆ, ಅದರ ಎರಡೂ ತುದಿಗೆ ಗಾರೆಯ ಗಿಳಿಗಳು, ಮೂರು ದುಂಡು ಕಿಟಕಿ, ಬಾಗಿಲ ಮೇಲೆ ಅರ್ಧಚಂದ್ರದಂತೆ ಚಾಚಿದ ಸಜ್ಜೆ, ಕಾಲಿಟ್ಟರೆ ತಣ್ಣಗೆನ್ನುವ ಕೆಂಪು ನೆಲ. ಒಳಗೆ ಪರದೆಯ ಸುತ್ತ ದೊಡ್ಡ ಕಮಾನು. ಎಲ್ಲ ಊರಲ್ಲೂ ಕಮಾನಿಗೆ ನವಿಲು, ಕಮಲ ಮಾಡಿಸುತ್ತಾರೆ. ನಮ್ಮ ಮಾವನವರು ಹತ್ತಿ ಬಳ್ಳಿ ಮಾಡಿಸಿದ್ದರು. ಎಲೆ, ಹೂವು, ಬಿರಿದ ಕಾಯಿ, ಕಾಯಿಯೊಳಗಿಂದ ಉಕ್ಕಿದ ಅರಳೆ, ಎಲ್ಲವೂ ಗಾರೆಯಲ್ಲಿ. ಹತ್ತಿ ಗಿಡಕ್ಕೆ ಬಳ್ಳಿ ಎಲ್ಲಿಂದ ಬಂತು ಎಂದು ನಾನೊಮ್ಮೆ ಕೇಳಿ ಬೈಸಿಕೊಂಡಿದ್ದೇನೆ.

ಮುಖ್ಯ ರಸ್ತೆಗೆ ಕಾಣುತ್ತಿದ್ದುದು ಮಾತ್ರ ಪರದೆಯ ಹಿಂದಿನ ಬೋಳು ಗೋಡೆ. ಪರಊರಿನವರು ಆ ಗೋಡೆಗೇ ಒರಗಿ ನಿಂತು "ಇಲ್ಲಿ ಟಾಕೀಸ್ ಎಲ್ಲೈತ್ರಿ?" ಎಂದು ಕೇಳುತ್ತಿದ್ದರು. ಕೇಳಿದ್ದು ಸಾಲದೆಂಬಂತೆ ಊರಿನವರು ನಗುತ್ತಿದ್ದರು. ಊರ ಅಗಸಿಯ ಹೆಬ್ಬಾಗಿಲನ್ನಾದರೂ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಯಾರಿಂದಾದೀತು. ಉಲ್ಟಾ ಟಾಕೀಸಿನ ಸಾಹುಕಾರ ಎಂಬ ಹೆಸರು ಮಾವನವರಿಗೆ ಅಂಟಿಕೊಂಡಿತು.

ನನ್ನ ಮದುವೆಯೂ ಆ ಗೋಡೆಯಿಂದಾಗಿ ಮುರಿಯುವುದರಲ್ಲಿತ್ತು. ಹುಡುಗನ ಮನೆಯವರದು ದೊಡ್ಡ ಟಾಕೀಸ್ ಇದೆ ಎಂದು ಕೇಳಿ, ಮೆಣಸಿನಕಾಯಿ ವ್ಯಾಪಾರದ ನಮ್ಮಪ್ಪ ಯಾರಿಗೂ ಹೇಳದೆ ಒಬ್ಬರೇ ಹೋಗಿ ನೋಡಿಬಂದರು. ಮನೆಗೆ ಬಂದವರೇ ರುಮಾಲು ಬಿಸಾಕಿದರು. "ಟಾಕೀಸಂತ ಟಾಕೀಸ್! ಬರೇ ಗೋಡಿ ಐತಿ, ಅದರ ಮ್ಯಾಲ ಸಗಣಿ ಕುಳ್ಳ ತಟ್ಯಾರ. ಸುಳ್ಳ ಹೇಳೂ ಮಂದಿಗೆ ಮಗಳನ್ನ ಕೊಡಂಗಿಲ್ಲ." ಸಂಬಂಧ ತಂದವರು ಅವರನ್ನು ಕೈಹಿಡಿದು ಓಣಿ ಸುತ್ತಿಸಿ ಮುಂಬಾಗಿಲಿಗೆ ಕರೆದೊಯ್ಯಬೇಕಾಯಿತು. ಆಮೇಲೆ ನಮ್ಮಪ್ಪ ಅವ್ವನಿಗೆ ಹೇಳಿದ್ದು ಇಷ್ಟೇ: "ಮಾರಿ ಭಾಳ ಚೊಲೊ ಐತಿ, ಆದ್ರ ಆಕಡೆ ಹೊಳ್ಳೇತಿ."

ಈ ಕಥೆಗೆ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು, ಮಾವನವರೊಬ್ಬರನ್ನು ಬಿಟ್ಟು. ಅವರು ಆ ಗೋಡೆಯ ಮುಂದೆ ಹಾಯ್ದದ್ದನ್ನು ನಾನು ಕಂಡೇ ಇಲ್ಲ. ಪೇಟೆಗೆ ಹೋಗಬೇಕಾದರೂ ಓಣಿ ಹಿಡಿದು, ಗಟಾರ ದಾಟಿ, ಸುತ್ತು ಹಾಕಿಯೇ ಹೋಗುವರು. ಬಿಸಿಲು, ಮಳೆ, ಮೊಣಕಾಲು ನೋವು ಯಾವುದಕ್ಕೂ ಅವರು ಆ ಸುತ್ತು ಬಿಡಲಿಲ್ಲ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಬರಬರುತ್ತ ಪಾಪ ಎನಿಸತೊಡಗಿತು.

ಗೋಡೆ ಒಡೆಯುವ ದಿನ ಹತ್ತಿರ ಬಂದಾಗ ಗಂಡನಿಗೆ ಹೇಳಿದೆ, ಮಾವನವರು ಊರಲ್ಲಿರುವುದು ಬೇಡ. ಅಗಡಿಯಲ್ಲಿರುವ ನಾದಿನಿಗೆ ಫೋನ್ ಮಾಡಿ ಒಪ್ಪಿಸಿದೆ. ಮಗಳು ಕರೆದಳೆಂದು ಮಾವನವರು ಖುಷಿಯಿಂದಲೇ ಹೊರಟರು. ಒಂದು ಅಂಗಿ ಹೆಚ್ಚೇ ಇಟ್ಟು ಚೀಲ ಕಟ್ಟಿಕೊಟ್ಟೆ.

ಜೆಸಿಬಿ ಬಂದ ಬೆಳಿಗ್ಗೆ ನನಗೆ ಒಲೆಯ ಮುಂದೆ ನಿಲ್ಲಲಾಗಲಿಲ್ಲ, ಟಾಕೀಸಿನ ಮುಂದೆಯೂ ನಿಲ್ಲಲಾಗಲಿಲ್ಲ. ಮನೆಗೂ ಅಲ್ಲಿಗೂ ಎಡತಾಕಿದೆ. "ಕಮಾನಕ್ಕ ಧಕ್ಕೆ ಹಚ್ಚಬ್ಯಾಡೋ!" ಎಂದು ಡ್ರೈವರನ ಮೇಲೆ ಕೂಗಾಡಿದೆ. ಅವನು "ಅಕ್ಕಾರ, ನೀವು ಮೊದಲ ಮನಿಗೆ ಹೋಗ್ರಿ" ಎಂದು ಕೈಮುಗಿದ. ಗೋಡೆ ಬಿದ್ದು ಎದ್ದ ಧೂಳಿನಲ್ಲಿ ಏನೂ ಕಾಣಲಿಲ್ಲ. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಮನೆಗೆ ಬಂದುಬಿಟ್ಟೆ.

ಮಧ್ಯಾಹ್ನ ನಾದಿನಿಯ ಫೋನ್ ಬಂತು. "ವೈನಿ, ಅಪ್ಪಾರು ಅಲ್ಲಿಗೆ ಬಂದಾರೇನ? ಗೋಡಿ ಕೆಡವೂದನ್ನ ಯಾರೋ ವಾಟ್ಸಾಪ್‌ನ್ಯಾಗ ಕಳಿಸಿದ್ರು, ನನ್ನ ಮಗ ತೋರಿಸಿಬಿಟ್ಟ. ಚಾ ಸೈತ ಕುಡೀದ ಬಸ್ಸಿಗೆ ಹೋಗ್ಯಾರ."

ಚಪ್ಪಲಿ ಮೆಟ್ಟಿದ ನೆನಪೂ ಇಲ್ಲ, ಟಾಕೀಸಿಗೆ ಓಡಿದೆ. ಕೆಳಗೆಲ್ಲೂ ಅವರಿಲ್ಲ. ಬಾಲ್ಕನಿಯ ಮೆಟ್ಟಿಲು ಹತ್ತಿದೆ. ಮುಂದಿನ ಸಾಲಿನ ಕುರ್ಚಿಯಲ್ಲಿ, ಮೊಣಕಾಲ ನಡುವೆ ಕೊಡೆ ಊರಿಕೊಂಡು ಕೂತಿದ್ದರು. ಸಿನಿಮಾ ನಡೆಯುತ್ತಿದ್ದ ಕಾಲದಲ್ಲೂ ಅವರು ಬಾಗಿಲಲ್ಲಿ ನಿಂತೇ ಇರುತ್ತಿದ್ದರೆಂದು ಅತ್ತೆ ಹೇಳುತ್ತಿದ್ದರು.

"ಮಾವಾರ, ನಡೀರಿ ಮನಿಗೆ. ಇದನ್ನೇನ ನೋಡ್ತೀರಿ?" ಎಂದೆ. ಅವರು ಕೊಡೆಯ ತುದಿಯಿಂದ ಕಮಾನಿನ ಕಡೆ ತೋರಿಸಿದರು. ನಾನೂ ಅತ್ತ ನೋಡಿದೆ. ಕಮಾನು ಹಾಗೇ ನಿಂತಿತ್ತು. ಪರದೆ ಇದ್ದ ಜಾಗದಲ್ಲಿ ಈಗ ಬಿಸಿಲಲ್ಲಿ ತೊಳೆದಂತಿದ್ದ ಮುಖ್ಯ ರಸ್ತೆ. ಬಸ್ಸು ಹೋಯಿತು, ಉಳ್ಳಾಗಡ್ಡಿಯ ಗಾಡಿ ಹೋಯಿತು, ಸ್ಕೂಟಿಯ ಮೇಲೆ ಇಬ್ಬರು ಹುಡುಗಿಯರು ಹೋದರು. ಬೈಕಿನವನೊಬ್ಬ ಗಕ್ಕನೆ ನಿಂತು, ಹಿಂದೆ ಕೂತವನಿಗೆ ಹೇಳಿದ್ದು ಮೇಲಿನವರೆಗೂ ಕೇಳಿಸಿತು.

"ಏ, ಇದು ಟಾಕೀಸ್ ಐತ್ಲೇ! ದಿನಾ ಇಲ್ಲೇ ಹಾಯ್ತೀನಿ, ಗೋಡೌನ್ ಅಂತ ತಿಳಕೊಂಡಿದ್ದೆ."

"ಆ ಹತ್ತಿಕಾಯಿ ನೋಡು, ಏನ್ ಚಂದ ಮಾಡ್ಯಾರ!"

ಇನ್ನೂ ನಾಲ್ಕು ಮಂದಿ ನಿಂತರು. ಕತ್ತೆತ್ತಿ ಕಮಾನು ನೋಡತೊಡಗಿದರು. ಮಾವನವರು ನನ್ನ ಕಡೆ ತಿರುಗಿದರು.

"ರಸ್ತೆಕ ಮಾರಿ ಮಾಡೇತಿ, ನೋಡವಾ."

ನನಗೆ ಅಳು ತಡೆಯಲಾಗಲಿಲ್ಲ. ಇವರನ್ನು ಇದರಿಂದ ತಪ್ಪಿಸಲು ಅಗಡಿಗೆ ಅಟ್ಟಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಎಂದ ಕಟ್ತಾರ ಗೋಡಿ?" ಎಂದು ಕೇಳಿದರು. ಬಯಲಾದ ಕಡೆ ಹೊಸ ಗೋಡೆ ಎತ್ತಲು ಇಟ್ಟಿಗೆ ಆಗಲೇ ಬಂದು ಓಣಿಯಲ್ಲಿ ಬಿದ್ದಿತ್ತು. "ಈ ವಾರದಾಗ, ಮಾವಾರ" ಎಂದೆ. "ಹೂಂ, ಸಾಕು ಬಿಡು" ಎಂದು ಎದ್ದರು.

ಕೆಳಗಿಳಿದು ಓಣಿಯ ಬಾಗಿಲಿಗೆ ತಿರುಗುತ್ತಾರೆಂದು ನಾನು ಅತ್ತಲೇ ಹೆಜ್ಜೆ ಹಾಕಿದ್ದೆ. ಅವರು ಕುರ್ಚಿಸಾಲಿನ ನಡುವೆ ನೆಟ್ಟಗೆ ನಡೆದರು, ಕಮಾನಿನ ಅಡಿ ಹಾಯ್ದರು, ಒಡೆದ ಇಟ್ಟಿಗೆಗಳ ಮೇಲೆ ಕೊಡೆ ಊರುತ್ತ ಮುಖ್ಯ ರಸ್ತೆಗೆ ಇಳಿದರು. ನಾನು ಓಡಿಹೋಗಿ ರಟ್ಟೆ ಹಿಡಿದುಕೊಂಡೆ. ನಿಂತಿದ್ದವರು ಈಗ ಇವರನ್ನೂ ನೋಡುತ್ತಿದ್ದರು.

"ಲಗೂ ನಡೀರಿ ಮಾವಾರ, ಮಂದಿ ನೋಡಾಕತ್ತಾರ" ಎಂದೆ.

"ನಿಂದ್ರವಾ," ಎಂದರು. "ನೋಡ್ಲಿ."